ಇನ್ನೂ ಕಟ್ಟದ ಕೋಣೆಯಲ್ಲಿ ಅಂಜನ್

ಕೋಣೆ ಇನ್ನೂ ಕಟ್ಟಿ ಮುಗಿದಿರಲಿಲ್ಲ. ಹರಿಹರದಿಂದ ಗುತ್ತೂರಿನ ಕಡೆ ಹೋಗುವ ರಸ್ತೆಯಲ್ಲಿ ಮೆಕ್ಕೆಜೋಳ ಒಣಗಿಸಿ ಹಿಟ್ಟು ಮಾಡುವ ಒಂದು ಕಾರ್ಖಾನೆ ಇತ್ತು. ಅದರ ಅಂಗಳದಲ್ಲಿ ಗೋಡೆಗಳು ಏಳುತ್ತಿದ್ದವು. ಮೂರು ಗೋಡೆ, ಒಂದು ನೆಲ. ನಾಲ್ಕರ ಮೇಲೂ ಚಿತ್ರ ಬೀಳಬೇಕು. ಒಳಗೆ ಬಂದ ಕೆಲಸಗಾರನಿಗೆ ತಾನು ಕಾರ್ಖಾನೆಯ ಒಣಗಿಸುವ ಶೆಡ್ಡಿನಲ್ಲೇ ನಿಂತಿದ್ದೇನೆ ಅನ್ನಿಸಬೇಕು. ಹೊಗೆ ಎದ್ದಾಗ ಎತ್ತ ಓಡಬೇಕೆಂಬುದನ್ನು ಅವನು ಅಲ್ಲಿ ಸಾಯದೆ ಕಲಿಯಬೇಕು. ಅಂಥ ಕೋಣೆ.

ಅದು ಏಳುವವರೆಗೆ ಅದರೊಳಗಿನ ಲೋಕವನ್ನು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಸಾಯಿಮಾ ಎಂಬ ಹುಡುಗಿ ಕಂಪ್ಯೂಟರಿನಲ್ಲೇ ಕಟ್ಟಿ ನೋಡುತ್ತಿದ್ದಳು. ಪರದೆಯ ಮೇಲೆ ಆ ಕೋಣೆ ಮುಚ್ಚಳ ತೆಗೆದ ಮಿಠಾಯಿ ಡಬ್ಬಿಯ ಹಾಗೆ ಕಾಣುತ್ತಿತ್ತು. ನಟ್ಟನಡುವೆ ಬೂದು ಬಣ್ಣದ ಒಬ್ಬ ಗೊಂಬೆ ಮನುಷ್ಯ. ಅವನಿಗೆ ಕಣ್ಣಿಲ್ಲ, ಮೂಗಿಲ್ಲ. ಆದರೂ ನೋಡುವವನು ಅವನೇ. ಅವನು ನಿಂತಲ್ಲಿಂದ ಏನು ಕಾಣಬೇಕೋ ಅದೇ ಗೋಡೆಗಳ ಮೇಲೆ ಮೂಡುತ್ತಿತ್ತು. ಒಂದು ಕೀಲಿ ಒತ್ತಿದರೆ ನಡೆಯುವನು, ಇನ್ನೊಂದು ಒತ್ತಿದರೆ ತಿರುಗುವನು. ಅವನ ಎತ್ತರ ಐದಡಿ ಏಳಂಗುಲ ಎಂದು ಆ ಸಾಫ್ಟ್‌ವೇರ್ ಮಾಡಿದವರು ಎಲ್ಲೋ ಕೂತು ಗೊತ್ತುಮಾಡಿದ್ದರು. ಅದನ್ನು ಬದಲಿಸುವುದಕ್ಕೆ ಪರದೆಯ ಮೂಲೆಯಲ್ಲಿ ಸಣ್ಣದೊಂದು ಗೆರೆಯಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

ಪಕ್ಕದ ಮೇಜಿನ ಅಂಕಿತಾ ದಿನವೂ ಬಂದ ಕೂಡಲೇ ಕೇಳುತ್ತಿದ್ದಳು.

"ನಿನ್ನ ಸಾಹೇಬ್ರು ಡ್ಯೂಟಿಗೆ ಬಂದ್ರೇನೆ?"

"ಬಂದಾರೆ. ಶೆಡ್ಡು ತಪಾಸಣೆ ನಡದೈತೆ."

"ಒಂಚೂರು ಬಗ್ಗಿ ನೋಡಾಕೆ ಹೇಳೇ. ಮಷಿನ್ ಕೆಳಗೆ ಕಸ ಐತೇನೋ."

"ಬಗ್ಗಿದ್ರೆ ಸಾಹೇಬ್ರು ಹೆಂಗ್ ಆಗ್ತಾರೆ ಮಾರಾಯ್ತಿ?" ಎಂದು ಸಾಯಿಮಾ ನಗುತ್ತಿದ್ದಳು.

ಡಿಸೆಂಬರಿನ ಮೊದಲ ವಾರದ ತನಕ ಅದೊಂದು ನಗುವ ಮಾತಾಗಿತ್ತು.

ಆ ವಾರ ಕಾರ್ಖಾನೆಯ ಒಣಗಿಸುವ ಶೆಡ್ಡಿಗೆ ಬೆಂಕಿ ಬಿತ್ತು. ಮೆಕ್ಕೆಜೋಳದ ಧೂಳು ಗಾಳಿಯಲ್ಲಿ ತುಂಬಿದಾಗ ಒಂದು ಕಿಡಿ ಸಾಕು. ಉರಿ ಹತ್ತುವುದಕ್ಕೂ ಹೊಗೆ ಕವಿಯುವುದಕ್ಕೂ ನಡುವೆ ಉಸಿರು ಎಳೆಯುವಷ್ಟೂ ಹೊತ್ತಿರುವುದಿಲ್ಲ. ಎಂಟು ಮಂದಿ ಮುಂಬಾಗಿಲಿನಿಂದ ಹೊರಗೆ ಬಿದ್ದರು. ಒಂಬತ್ತನೆಯವನು ಬರಲಿಲ್ಲ. ಅವನು ಕುಕ್ಕುವಾಡದ ಅಂಜನ್, ಇಪ್ಪತ್ತನಾಲ್ಕು ವರ್ಷದವನು. ಅವನು ಸಿಕ್ಕಿದ್ದು ಶೆಡ್ಡಿನ ಹಿಂಭಾಗದಲ್ಲಿ, ಗೋಡೆಯ ಬುಡದಲ್ಲಿ. ಕಾರ್ಖಾನೆಯವರು ಮನೆಯವರಿಗೆ ಕೊಟ್ಟ ಕಾಗದದಲ್ಲಿ ಹೀಗಿತ್ತು: ಮುಂದಿನದೂ ಹಿಂದಿನದೂ ಎರಡೂ ಬಾಗಿಲು ತೆರೆದೇ ಇದ್ದವು, ಕೆಲಸಗಾರನು ಗಾಬರಿಯಲ್ಲಿ ದಾರಿ ತಪ್ಪಿ ಬಿದ್ದಿದ್ದಾನೆ. ಹಿಂದಿನ ಗೋಡೆ ಸೀಳುಬಿಟ್ಟಿತೆಂದು ಹದಿನೈದು ದಿನದೊಳಗೆ ಅದನ್ನು ಕೆಡವಿ ಹೊಸದು ಕಟ್ಟಿದರು.

ಸಾಯಿಮಾ ಆ ಶೆಡ್ಡನ್ನು ಸುಡುವ ಮೊದಲೇ ಕಂಡವಳು. ಅಕ್ಟೋಬರಿನಲ್ಲಿ ಮೂರು ಕಾಲಿನ ಮೇಲೆ ತಿರುಗುವ ಕ್ಯಾಮೆರಾ ಇಟ್ಟು ಅದರ ಮೂಲೆಮೂಲೆಯನ್ನೂ ಅಳೆದು ತಂದಿದ್ದಳು. ಹಾಗೆ ತಂದ ಶೆಡ್ಡೇ ಅವಳ ಕಂಪ್ಯೂಟರಿನಲ್ಲಿ, ಆ ಡಬ್ಬಿಯ ಗೋಡೆಗಳ ಮೇಲೆ ಹರಡಿಕೊಂಡಿದ್ದದ್ದು.

ಬೆಂಕಿ ಬಿದ್ದ ಎರಡು ವಾರಕ್ಕೆ ಆಫೀಸಿನ ಯಜಮಾನ ಕೊಟ್ರೇಶ್ ಅವಳ ಕುರ್ಚಿಯ ಹಿಂದೆ ಬಂದು ನಿಂತ. ಒಳ್ಳೆಯ ಮನುಷ್ಯ, ಎಂಟು ಜನಕ್ಕೆ ಅನ್ನ ಕೊಟ್ಟವನು, ಶುಕ್ರವಾರ ಮಧ್ಯಾಹ್ನ ಸಾಯಿಮಾ ನಮಾಜಿಗೆಂದು ಎದ್ದರೆ ಒಳಗಿನ ಕೋಣೆಯ ಕದ ಹಾಕಿಕೊಟ್ಟು ಹೊರಗೆ ತಾನೇ ಮಾತು ತಗ್ಗಿಸುವವನು.

"ನೋಡವ್ವ ಸಾಯಿಮಾ, ಹಿಂದಿನ ಶಟರ್ ಮುಂದೆ ಮೂಟೆ ಒಟ್ಟ್ಯಾರಲ್ಲ, ಅವನ್ನ ತೆಗೆದುಬಿಡು. ಶಟರ್ ಮೇಲಕ್ಕೆತ್ತು. ಮೇಲೊಂದು ಹಸಿರು ಬೋರ್ಡ್ ಹಾಕು."

"ಅಲ್ಲಿ ಹಂಗಿರಲಿಲ್ಲ ಸರ್."

"ಇದು ಕಲಿಸೋ ಕೋಣೆ. ಹೆಂಗಿತ್ತು ಅಂತ ತೋರಿಸೋದಲ್ಲ, ಹೆಂಗಿರಬೇಕು ಅಂತ ತೋರಿಸೋದು. ಕಾರ್ಖಾನೆಯೋರು ಹೇಳ್ಯಾರೆ, ನನಗೂ ಸರಿ ಅನ್ನಿಸ್ತು."

ಸಾಯಿಮಾಗೂ ಸರಿಯೆನ್ನಿಸಿತು. ಮೂಲದ ಫೈಲನ್ನು ಹಾಗೇ ಬಿಟ್ಟು ಅದರ ನಕಲಿನಲ್ಲಿ ಮೂಟೆಗಳ, ಶಟರಿನ ಸುತ್ತ ಗೆರೆಯೆಳೆದು ಇಡಿಯಾಗಿ ಅಳಿಸಿದಳು. ತೆರೆದ ಬಾಗಿಲ ಆಚೆ ಏನಿದೆಯೋ ಅವಳ ಕ್ಯಾಮೆರಾ ನೋಡಿರಲಿಲ್ಲ. ಬೇರೆಲ್ಲಿಂದಲೋ ಒಂದು ಬೇವಿನ ಮರ, ಒಂದು ತುಂಡು ಆಕಾಶ ತಂದು ಅಂಟಿಸಿದಳು. ಅರ್ಧ ದಿನದ ಕೆಲಸ.

ಜನವರಿಯ ಒಂದು ಶನಿವಾರ ಮಧ್ಯಾಹ್ನ. ಕೊಟ್ರೇಶ್ ಪ್ರೊಜೆಕ್ಟರ್ ಕೂರಿಸಲು ಹರಿಹರಕ್ಕೆ ಹೋಗಿದ್ದ. ಅಂಕಿತಾ ರಜೆಯ ಮೇಲಿದ್ದಳು. ಮೆಟ್ಟಿಲು ಹತ್ತಿ ಇಬ್ಬರು ಬಂದರು. ಮುಂದೆ ಟವೆಲು ಹೊದ್ದ ಗಂಡಸು. ಹಿಂದೆ, ಪ್ರತಿ ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುತ್ತ, ಹಿತ್ತಾಳೆಯ ಚೊಂಬನ್ನು ಸೆರಗಿನಲ್ಲಿ ಮುಚ್ಚಿ ಹಿಡಿದ ಹೆಂಗಸು.

"ಫೋಟೋ ತೆಗ್ದ ಹುಡುಗಿ ನೀನೇನವ್ವ?" ಎಂದು ಗಂಡಸು ಕೇಳಿದ. "ನಾನು ಗೋಣೆಪ್ಪ ಅಂತ. ಇವಳು ನಾಗರತ್ನಮ್ಮ. ಕುಕ್ಕುವಾಡ. ಅಂಜನ್ ಅಪ್ಪ ಅವ್ವ."

ಸಾಯಿಮಾ ಎದ್ದು ನಿಂತಳು. "ಕೂಡ್ರಿ, ಕೂಡ್ರಿ, ನೀರು ಕುಡೀರಿ" ಎಂದಳು.

"ನೀರು ನಮ್ಮತ್ರನೇ ಐತವ್ವ," ಎಂದಳು ನಾಗರತ್ನಮ್ಮ. "ಹೊಳೆ ನೀರು. ಮೂರು ಸಲ ಆತು ಇದನ್ನ ತಗಂಡು ಆ ಕಾರ್ಖಾನೆ ಗೇಟಿಗೆ ಹೋಗಿ. ಒಳಗೆ ಬಿಡಂಗಿಲ್ಲ ಅಂತಾರೆ. ಇವತ್ತು ಗೇಟಿನೋನೇ ಅಂದ, ಆ ಶೆಡ್ಡು ಈಗ ಇಲ್ಲಮ್ಮ, ಅದು ಹೆಂಗಿತ್ತೋ ಹಂಗೇ ದಾವಣಗೆರೆ ಆಫೀಸಿನಾಗೆ ಐತೆ, ಕಂಪ್ಯೂಟರಿನಾಗೆ, ಹೋಗಿ ಕೇಳ್ರಿ ಅಂತ."

"ಇವಳಿಗೆ ಹೇಳಿದೆ, ಅದು ಬರೀ ಚಿತ್ರ ಕಣೆ ಅಂತ," ಎಂದ ಗೋಣೆಪ್ಪ. "ಕೇಳಬೇಕಲ್ಲ. ನನ್ನ ಮಾತು ಕೇಳಿದ್ದು ಮದುವೆ ದಿನ ಒಂದೇ."

"ಅವತ್ತೂ ಕೇಳಿರಲಿಲ್ಲ, ಸುಮ್ಕಿರು."

ಅವಳು ಬಂದ ಕಾರಣ ಇದು. ಅವರ ಮನೆತನದಲ್ಲಿ ಹೊರಗೆ ಸತ್ತವರನ್ನು ಬಿದ್ದ ಜಾಗಕ್ಕೇ ಹೋಗಿ ಕರೆಯುತ್ತಾರೆ. ನೆಲಕ್ಕೆ ನೀರು ಬಿಟ್ಟು, ಹೆಸರು ಹಿಡಿದು, ಮನೆಗೆ ಬಾರಪ್ಪ ಎಂದು ಮೂರು ಸಲ. ಕರೆಯದಿದ್ದರೆ ಜೀವ ಅಲ್ಲೇ ತಿರುಗುತ್ತಿರುತ್ತದಂತೆ. ತಿಥಿಯ ದಿನ ಹೋಯಿತು, ತಿಂಗಳು ಹೋಯಿತು. ಅಂಜನನನ್ನು ಇನ್ನೂ ಯಾರೂ ಕರೆದಿರಲಿಲ್ಲ. ಅದರ ಮೇಲೆ ಊರಿನ ಬಾಯಿ ಬೇರೆ. ದಾರಿ ತಪ್ಪಿದನಂತೆ ಅಂದವರು ಒಂದು ವಾರದಲ್ಲಿ ಕುಡಿದಿದ್ದನಂತೆ ಅನ್ನತೊಡಗಿದ್ದರು.

"ಕತ್ತಲಾಗೆ ಗದ್ದಿಗೆ ನೀರು ಕಟ್ಟಾಕೆ ಹೋಗಿ ಬರ್ತಿದ್ದ ಹುಡುಗ," ಎಂದಳು ನಾಗರತ್ನಮ್ಮ. "ಬ್ಯಾಟ್ರಿ ಸೈತ ಒಯ್ತಿರಲಿಲ್ಲ. ಅವನು ದಾರಿ ತಪ್ಪುತಾನಾ? ಎಲ್ಲಿ ಬಿದ್ದ, ಯಾಕ ಅತ್ಲಾಗೆ ಹೋದ, ಅದನ್ನ ನೋಡಿ ಕರಕಂಡು ಹೋಗ್ತೀನವ್ವ. ಬ್ಯಾರೆ ಏನೂ ಕೇಳಂಗಿಲ್ಲ ನಿನ್ನ."

ತೋರಿಸಬಾರದೆಂದು ಸಾಯಿಮಾಗೆ ಗೊತ್ತಿತ್ತು. ಗಿರಾಕಿಯ ಕೆಲಸ ಹೊರಗಿನವರಿಗೆ ತೋರಿಸುವುದಿಲ್ಲವೆಂದು ಸೇರಿದ ದಿನವೇ ಸಹಿ ಹಾಕಿದ್ದಳು. ಆದರೆ ಚೊಂಬು ಹಿಡಿದು ಬಂದ ತಾಯಿಯ ಮುಂದೆ ಆ ಸಹಿ ನಿಲ್ಲಲಿಲ್ಲ. ಮೂಲದ ಫೈಲನ್ನು ತೆರೆದಳು. ಡಬ್ಬಿಯ ಮೂರು ಗೋಡೆಗಳ ಮೇಲೆ ಅಕ್ಟೋಬರಿನ ಶೆಡ್ಡು ನಿಧಾನವಾಗಿ ಮೂಡಿತು: ಕೊಳವೆಗಳು, ಒಣಗಿಸುವ ಯಂತ್ರ, ಧೂಳಿನ ಬೆಳಕು.

"ನಡುವೆ ನಿಂತೋನು ಯಾರವ್ವ?"

"ಯಾರೂ ಅಲ್ಲಮ್ಮ. ಗೊಂಬೆ. ನೀವೇ ಒಳಗೆ ನಿಂತೀರಿ ಅನ್ಕಳ್ರಿ. ಅವನಿಗೆ ಕಂಡಿದ್ದು ನಿಮಗೆ ಕಾಣ್ತೈತೆ."

ಗೊಂಬೆಯನ್ನು ಅವಳು ಹಿಂಭಾಗಕ್ಕೆ ನಡೆಸಿದಳು. ಎದೆಯೆತ್ತರ ಒಟ್ಟಿದ ಮೂಟೆಗಳು. ಅವುಗಳ ಮೇಲೆ ಶಟರಿನ ತಗಡಿನ ಮಡಿಕೆಗಳು. ಅಷ್ಟೇ.

"ಇಲ್ಲೇ," ಎಂದಳು.

ನಾಗರತ್ನಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತಳು.

"ಇದನ್ನ ಕೆಳಗಿಡವ್ವ. ಬಿದ್ದೋರನ್ನ ನಿಂತು ಕರೀಬಾರದು. ಕುಂತು ಕರೀಬೇಕು. ಅವನು ನೆಲದ ಮ್ಯಾಲೆ ಮಲಗ್ಯಾನೆ, ನಾನು ಮ್ಯಾಗಿಂದ ಬಾ ಅಂದ್ರೆ ಹೆಂಗ ಕೇಳ್ತೈತೆ ಅವನಿಗೆ?"

ಸಾಯಿಮಾ ವೈರುಗಳನ್ನು ಸಡಿಲಿಸಿ ಪರದೆಯನ್ನು ನೆಲಕ್ಕಿಳಿಸಿದಳು. ತಾನೂ ಪಕ್ಕದಲ್ಲಿ ಮಂಡಿಯೂರಿದಳು. ಆದರೂ ಚಿತ್ರದಲ್ಲಿ ಏನೋ ಸರಿಯಿರಲಿಲ್ಲ. ತಾಯಿ ಕೂತಿದ್ದಳು, ಗೊಂಬೆ ನಿಂತೇ ಇತ್ತು. ಸಾಯಿಮಾ ಮೂಲೆಯ ಆ ಗೆರೆಯನ್ನು ಮೊದಲ ಬಾರಿಗೆ ಹಿಡಿದು ಎಳೆದಳು. ಐದಡಿ ನಾಲ್ಕಾಯಿತು, ಮೂರಾಯಿತು, ಎರಡಾಯಿತು. ಶೆಡ್ಡು ಮೇಲೆದ್ದಿತು. ಮೂಟೆಗಳು ಗುಡ್ಡವಾದವು. ಮೂಟೆಗಳ ಅಡಿಯಲ್ಲಿ ಮರದ ಅಟ್ಟಣೆ, ಅದರ ಪಟ್ಟಿಗಳ ನಡುವೆ ಗೇಣು ಅಗಲದ ಸಂದು. ಆ ಸಂದಿನಾಚೆ, ಶಟರು ನೆಲ ಮುಟ್ಟುವಲ್ಲಿ, ಕಬ್ಬಿಣದ ಬಳೆಗೆ ನೇತುಬಿದ್ದ ಒಂದು ಬೀಗ.

"ಬಾರ..." ಎಂದು ಕರೆ ಶುರುಮಾಡಿದ ನಾಗರತ್ನಮ್ಮ ಬೀಗ ಕಂಡು ಅಲ್ಲಿಗೇ ನಿಲ್ಲಿಸಿದಳು.

ಗೋಣೆಪ್ಪ ಬಗ್ಗಿದ. "ಹತ್ರ ಮಾಡವ್ವ ಅದನ್ನ."

ಹತ್ತಿರ ಮಾಡಿದಳು. ಬೀಗ ಪರದೆಯ ತುಂಬ ಬಂತು. ಕೀಲಿ ಹಾಕುವ ತೂತಿನೊಳಗೂ ತುಕ್ಕು ಕಟ್ಟಿತ್ತು. ಬಳೆಗೂ ಬೀಗಕ್ಕೂ ಸೇರಿಸಿ ಜೇಡ ಬಲೆ ನೇಯ್ದು, ಅದರ ಮೇಲೆ ಹಿಟ್ಟಿನ ಧೂಳು ಕೂತು ಬಿಳಿ ಬಟ್ಟೆಯ ಹಾಗಾಗಿತ್ತು.

ಕೆಳಗೆ ರಸ್ತೆಯಲ್ಲಿ ಹರಿಹರದ ಬಸ್ಸಿನವನು ಜನರನ್ನು ಕೂಗಿ ಕರೆಯುತ್ತಿದ್ದ.

ಸಾಯಿಮಾಗೆ ಅಕ್ಟೋಬರಿನ ಆ ದಿನ ನೆನಪಾಯಿತು. ಯಂತ್ರಗಳ ಅಡಿಯೂ ಅಳತೆಗೆ ಬರಬೇಕೆಂದು ಅವಳೇ ಕ್ಯಾಮೆರಾವನ್ನು ನೆಲಕ್ಕಿಟ್ಟು ತಿರುಗಿಸಿದ್ದಳು. ಅದು ತನ್ನ ಕಣ್ಣಿಗೆ ಬಿದ್ದದ್ದನ್ನೆಲ್ಲ ಎತ್ತಿಟ್ಟುಕೊಂಡಿತ್ತು. ಅವಳು ಎತ್ತಿಟ್ಟುಕೊಂಡಿರಲಿಲ್ಲ. ಮೂರು ತಿಂಗಳು ದಿನಕ್ಕೆ ಎಂಟು ಗಂಟೆ ಆ ಶೆಡ್ಡಿನಲ್ಲಿ ಓಡಾಡಿದ್ದಳು, ಐದಡಿ ಏಳಂಗುಲದಿಂದ. ದಿನಕ್ಕೆ ಐದು ಹೊತ್ತು ಹಣೆಯನ್ನು ನೆಲಕ್ಕೆ ಮುಟ್ಟಿಸುವವಳು ಅವಳು. ಬಾಗುವುದಕ್ಕೆಂದೇ ದೇವರು ಮನುಷ್ಯನಿಗೆ ಬೆನ್ನು ಕೊಟ್ಟಿದ್ದಾನೆ ಎಂದು ಮದರಸದ ಪಾಠದಲ್ಲಿ ಕೇಳಿದ್ದಳು. ತನ್ನ ಗೊಂಬೆಯನ್ನು ಒಂದು ದಿನವಾದರೂ ಬಾಗಿಸಿ ನೋಡಬೇಕೆಂದು ಅವಳಿಗೆ ಹೊಳೆದಿರಲಿಲ್ಲ.

"ಅವನು ದಾರಿ ತಪ್ಪಿಲ್ಲ," ಎಂದ ಗೋಣೆಪ್ಪ. ಧ್ವನಿ ಸಣ್ಣಗಿತ್ತು. "ಮುಂದೆ ಬೆಂಕಿ ಇತ್ತು, ಹಿಂದಿನ ಬಾಗಿಲಿಗೆ ಬಂದಾನೆ. ಸರಿಯಾಗೇ ಬಂದಾನೆ."

ನಾಗರತ್ನಮ್ಮ ಚೊಂಬನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. "ಬೀಗ ಹಾಕಿದ ಬಾಗಿಲ ಮುಂದೆ ಕುಂತು ಬಾ ಅಂತ ಹೆಂಗ ಕರೀಲವ್ವ? ಅದನ್ನ ತಗಿ. ನಿನ್ನ ಕೈಯಾಗೆ ಆಗ್ತೈತಲ್ಲ? ತಗಿ. ಅವನು ಹೊರಾಗೆ ಬರ್ಲಿ."

"ಬ್ಯಾಡ! ಮುಟ್ಟಬ್ಯಾಡ," ಎಂದ ಗೋಣೆಪ್ಪ. "ಗೋಡೆ ಕೆಡವ್ಯಾರೆ, ಶಟರ್ ಗುಜರಿಗೆ ಹಾಕ್ಯಾರೆ. ಆ ಬೀಗ ಇರಾದು ಇದೊಂದೇ ಕಡೆ."

"ಇದ್ದು? ಇನ್ನೆಷ್ಟು ದಿನ ಅದರ ಹಿಂದೆ ಕುಂದ್ರಬೇಕು ನನ್ನ ಮಗ?"

"ಹಂಗಲ್ಲ ರತ್ನಾ..."

"ನಿಂಗೆ ಬೀಗ ಬೇಕು. ನಂಗೆ ಹುಡುಗ ಬೇಕು."

ಸಾಯಿಮಾ ಆಗ ಹೇಳದೆ ಇರಬಹುದಿತ್ತು. ಕೇಳಿದವರಿರಲಿಲ್ಲ. ಆದರೆ ಸುಳ್ಳನ್ನು ಮಡಿಲಲ್ಲಿಟ್ಟುಕೊಂಡು ಅವರ ಪಕ್ಕ ಕೂರುವುದು ಅವಳಿಂದ ಆಗಲಿಲ್ಲ.

"ನಾನು ಆಗಲೇ ತೆಗೆದೀನಮ್ಮ," ಎಂದಳು. "ಇನ್ನೊಂದು ಫೈಲಿನಾಗೆ. ಆ ಕೋಣೆನಾಗೆ ತೋರಿಸೋಕೆ. ಬೀಗ ನೋಡಿರಲಿಲ್ಲ, ಅಲ್ಲಾನಾಣೆ ನೋಡಿರಲಿಲ್ಲ. ಆದ್ರೆ ತೆಗೆದಿದ್ದು ನಾನೇ."

"ತೋರ್ಸು."

ತೋರಿಸಿದಳು. ಗುಡಿಸಿಟ್ಟಂಥ ನೆಲ. ಹಸಿರು ಬೋರ್ಡು. ಮೇಲಕ್ಕೆತ್ತಿದ ಶಟರು. ಆಚೆ ಬೇವಿನ ಮರ, ತಿಳಿ ಆಕಾಶ. ನಾಗರತ್ನಮ್ಮ ಅದನ್ನು, ಪರರ ಮನೆಯ ಮದುವೆ ಚಪ್ಪರ ನೋಡುವಂತೆ ನೋಡಿದಳು.

"ಇದು ಯಾರ ಮಗ ಬದುಕಿದ ಜಾಗ ತಾಯಿ?" ಎಂದಳು.

ಸಾಯಿಮಾ ಆ ಫೈಲನ್ನು ಮುಚ್ಚಿದಳು. ನಾಗರತ್ನಮ್ಮ ನೆಲಕ್ಕೆ ಕೈಯೂರಿ ಎದ್ದಳು. ಚೊಂಬಿನ ನೀರು ಬಿಡಲಿಲ್ಲ. ಮಗನ ಹೆಸರು ಹಿಡಿಯಲಿಲ್ಲ. ಬಾಗಿಲಲ್ಲಿ ನಿಂತು, "ಬೀಗ ಇರ್ಲಿ ಬಿಡವ್ವ," ಎಂದಳು. "ಇವನು ಹೇಳೋದೇ ಸರಿ. ಮೊದಲು ನಾಕು ಜನ ನೋಡ್ಲಿ ಅದನ್ನ."

ಅವರು ಹೋದ ಅರ್ಧ ಗಂಟೆಗೆ ಕೊಟ್ರೇಶನ ಫೋನು ಬಂತು. ಅವನ ಹಿಂದೆ ಡ್ರಿಲ್ಲಿನ ಸದ್ದು ಕೇಳುತ್ತಿತ್ತು.

"ಬುಧವಾರ ಕೋಣೆ ಉದ್ಘಾಟನೆ ಐತೆ. ಅಕ್ಟೋಬರಿನ ಮೂಲ ಫೈಲು ಅಳಿಸಿಬಿಡು ಅಂತ ಕಾರ್ಖಾನೆಯೋರು ಮೇಲ್ ಮಾಡ್ಯಾರೆ. ಒಪ್ಪಂದದಾಗೆ ಐತಂತೆ ಅದು. ಸೋಮವಾರ ಬಂದು ಮಾಡು ಸಾಕು."

"ಸರಿ ಸರ್," ಎಂದಳು.

ಅವಳ ಮನೆ ಆವರಗೆರೆಯ ಕಡೆ. ಅವಳ ಅಬ್ಬಾ ಶಬ್ಬೀರ್ ಮೂವತ್ತು ವರ್ಷದಿಂದ ಶಟರು, ಗ್ರಿಲ್ಲು ಮಾಡಿಕೊಂಡು ಬಂದವನು. ದಾವಣಗೆರೆಯ ಅರ್ಧ ಮಂಡಿಪೇಟೆ ಬೆಳಿಗ್ಗೆ ಅವನ ಶಟರೆತ್ತಿಯೇ ವ್ಯಾಪಾರ ಶುರುಮಾಡುತ್ತದೆ ಎಂದು ಹಬ್ಬದ ದಿನ ಜಂಬ ಕೊಚ್ಚುವವನು. ಭಾನುವಾರ ಬೆಳಿಗ್ಗೆ ಅವನು ಅಂಗಡಿಯಲ್ಲಿ ಒಂಟಿಯಾಗಿದ್ದಾಗ ಸಾಯಿಮಾ, ಶನಿವಾರ ಪರದೆಯಿಂದ ತನ್ನ ಫೋನಿಗೆ ಇಳಿಸಿಕೊಂಡಿದ್ದ ಬೀಗದ ಚಿತ್ರ ತೋರಿಸಿದಳು. ಅವನು ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ತಂದು ನೋಡಿದ.

"ಈ ಬೀಗ ಒಂದು ಇಡೀ ಮಳೆಗಾಲ ತೆರೆದಿಲ್ಲ," ಎಂದ, ಮನೆಯ ಉರ್ದುವಿನಲ್ಲಿ. "ತಗಡಿನ ಬುಡ ನೋಡು, ನೀರು ನಿಂತು ಗೆರೆ ಕಟ್ಟಿದೆ. ಕೀಲಿ ಇದ್ದವನೂ ಇದನ್ನು ತೆರೆಯಲಾರ, ಕತ್ತರಿಸಬೇಕು. ಯಾರದು?"

ಅವಳು ಎಲ್ಲ ಹೇಳಿದಳು. ಶಬ್ಬೀರ್ ಕೇಳುತ್ತ ಕೇಳುತ್ತ ಕೈಲಿದ್ದ ಮೊಳೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ.

"ಶಟರ್ ಮಾಡುವವನ ಮಗಳು ನೀನು," ಎಂದ ಕೊನೆಗೆ. "ಶಟರಿನ ಬೀಗ ಬುಡದಲ್ಲಿರುತ್ತದೆ ಅಂತ ನಿನಗೆ ಗೊತ್ತಿರಲಿಲ್ಲವೇ?"

ಅವಳು ಅತ್ತಳು. ಅವನು ಸಮಾಧಾನ ಮಾಡಲಿಲ್ಲ; ಅಳು ಮುಗಿಯುವ ತನಕ ಕಾದ.

"ಅಬ್ಬಾ, ಕೆಲಸ ಹೋಗುತ್ತದೆ."

"ಹೋಗುತ್ತದೆ." ಅವನು ತಲೆಯಾಡಿಸಿದ. "ಆದರೆ ಆ ಚಿತ್ರ ಕಂಪನಿಯದೂ ಅಲ್ಲ, ನಿನ್ನದೂ ಅಲ್ಲ ಮಗಳೇ. ಅದು ಅಮಾನತ್ತು, ಇನ್ನೊಬ್ಬರು ನಂಬಿ ಒಪ್ಪಿಸಿದ ಸೊತ್ತು. ಆ ತಾಯಿ ಇಡಲಿಲ್ಲ, ನೀನು ಕೇಳಲಿಲ್ಲ, ಆದರೂ ಅವಳ ಗಂಟು ನಿನ್ನ ಹತ್ತಿರ ಬಂದು ಕೂತಿದೆ. ಮುಚ್ಚಿಟ್ಟುಕೊಂಡರೆ ನಾಳೆ ಮಾಲೀಕನ ಮುಂದೆ ಏನು ಹೇಳುತ್ತೀಯ?"

ಮಾಲೀಕ ಅಂದದ್ದು ಕೊಟ್ರೇಶನನ್ನಲ್ಲ, ಮೇಲಿನವನನ್ನು ಎಂದು ಅವಳಿಗೆ ತಿಳಿಯಿತು.

ಸೋಮವಾರ ಅವಳು ಮೂಲ ಫೈಲಿನ ಎರಡು ನಕಲು ಮಾಡಿ, ಒಂದನ್ನು ಗೋಣೆಪ್ಪನ ಕೈಗೂ ಇನ್ನೊಂದನ್ನು ಬೆಂಕಿಯ ವಿಚಾರಣೆ ನಡೆಸುತ್ತಿದ್ದ ಸರ್ಕಾರಿ ಅಧಿಕಾರಿಗೂ ಕೊಟ್ಟಳು. ಆಮೇಲೆ ಆಫೀಸಿಗೆ ಮರಳಿ ಬಂದು ಕೊಟ್ರೇಶನಿಗೆ ಹೇಳಿದಳು. ಅವನು ಬೈಯಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತ.

"ನಂಗೊಂದು ಮಾತು ಕೇಳಿದ್ರೆ ಆಗ್ತಿರಲಿಲ್ವಾ?"

"ಕೇಳಿದ್ರೆ ಬ್ಯಾಡ ಅಂತಿದ್ರಿ."

"ಹೌದು, ಅಂತಿದ್ದೆ." ಅವನು ಕಿಟಕಿಯ ಕಡೆ ನೋಡಿದ. "ಎಂಟು ಮನೆ ಅದಾವೆ ಸಾಯಿಮಾ ಈ ಆಫೀಸಿನ ಮ್ಯಾಲೆ. ಅದರಾಗೆ ನಿಂದೂ ಒಂದು."

ಅವಳು ತನ್ನ ಊಟದ ಡಬ್ಬಿ, ನಮಾಜಿಗೆ ಹಾಸುವ ಜಾನಮಾಜ್, ಚಾರ್ಜರ್ ಎತ್ತಿಕೊಂಡಳು. ಅಂಕಿತಾ ಕೆಳಗಿನ ಮೆಟ್ಟಿಲ ತನಕ ಬಂದಳು. ಅವಳಿಗೆ ಆ ದಿನ ಯಾವ ತಮಾಷೆಯೂ ಸಿಗಲಿಲ್ಲ.

ವಿಚಾರಣೆ ಫೆಬ್ರವರಿಯ ಕೊನೆಗೆ, ಹರಿಹರದ ಒಂದು ಸರ್ಕಾರಿ ಕಟ್ಟಡದಲ್ಲಿ ನಡೆಯಿತು. ಗೋಣೆಪ್ಪ, ನಾಗರತ್ನಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದರು. ಅಧಿಕಾರಿ ವಯಸ್ಸಾದವರು, ತಾಳ್ಮೆಯವರು. ಸಾಯಿಮಾ ಗೊಂಬೆಯನ್ನು ಎರಡಡಿಗೆ ಇಳಿಸಿ ಬೀಗ ತೋರಿಸಿದಾಗ ಅವರು ಮುಂದಕ್ಕೆ ಬಾಗಿ ಬಹಳ ಹೊತ್ತು ನೋಡಿದರು. ನಾಗರತ್ನಮ್ಮ ಆ ಬಾಗಿದ ಬೆನ್ನನ್ನೇ ನೋಡುತ್ತಿದ್ದಳು.

ಆಗ ಕಾರ್ಖಾನೆಯ ಪರ ವಕೀಲ ಎದ್ದ. ನಯವಾದ ಮಾತಿನವನು.

"ಈ ಚಿತ್ರ ತೆಗ್ದಿದ್ದು ಯಾವಾಗಮ್ಮ?"

"ಅಕ್ಟೋಬರಿನಾಗೆ ಸರ್."

"ಬೆಂಕಿ ಬಿದ್ದಿದ್ದು ಡಿಸೆಂಬರಿನಾಗೆ. ನಡುವೆ ಬೀಗ ತೆಗೆದಿರಬಹುದಲ್ಲ?"

"ಅದನ್ನ ತೆರೆಯೋಕೆ ಆಗ್ತಿರಲಿಲ್ಲ ಸರ್. ನಮ್ಮ ತಂದೆ ಶಟರ್ ಕೆಲಸದೋರು, ಅವರು..."

"ನಿಮ್ಮ ತಂದೆ ಶೆಡ್ಡು ನೋಡ್ಯಾರಾ?"

"ಇಲ್ಲ."

"ಆಯ್ತು. ನಿಮ್ಮ ಹತ್ರ ಎರಡು ಫೈಲು ಅದಾವೆ. ಒಂದರಾಗೆ ಬೀಗ ಐತೆ, ಒಂದರಾಗೆ ಇಲ್ಲ. ಇಲ್ಲದಂಗೆ ಮಾಡಿದ್ದು ಯಾರು?"

ಸಾಯಿಮಾ ಬೆಂಚಿನ ಕಡೆ ನೋಡಲಿಲ್ಲ. "ನಾನು."

"ಎಷ್ಟು ಹೊತ್ತು ಹಿಡೀತು?"

"ಅರ್ಧ ದಿನ."

"ಮಾಡು ಅಂತ ಯಾರಾದ್ರೂ ಬರೆದು ಕೊಟ್ಟಾರಾ?"

"ಇಲ್ಲ. ಬಾಯಿಮಾತಿನಾಗೆ ಹೇಳಿದ್ರು."

ವಕೀಲ ಅಧಿಕಾರಿಯ ಕಡೆ ತಿರುಗಿದ. "ಸ್ವಾಮಿ, ಇಷ್ಟು ಚಂದ ಬೀಗ ತೆಗೆಯೋ ಕೈಗೆ ಬೀಗ ಇಡೋದೂ ಬರ್ತೈತೆ. ಅರ್ಧ ದಿನ ಸಾಕು. ಈ ಹುಡುಗಿ ಈಗ ಕೆಲಸ ಕಳಕಂಡಾಳೆ, ಸಿಟ್ಟು ಇರ್ತೈತೆ. ಯಾವುದನ್ನ ನಂಬಬೇಕು ನಾವು?"

ತಾನು ಇಟ್ಟಿಲ್ಲ ಎಂದು ಸಾಯಿಮಾ ಹೇಳಿದಳು. ಇನ್ನೊಮ್ಮೆ ಹೇಳಿದಳು. ಕ್ಯಾಮೆರಾ, ತಾರೀಕು, ಅಳತೆ ಎಲ್ಲ ವಿವರಿಸಿದಳು. ತನ್ನ ಮಾತು ಗಾಳಿಯಲ್ಲಿ ತೂರಿದ ಹೊಟ್ಟಿನಂತೆ ಹೋಗುತ್ತಿರುವುದು ಅವಳಿಗೇ ಕಾಣುತ್ತಿತ್ತು. ಅವಳು ಸತ್ಯವನ್ನೇ ತಂದಿದ್ದಳು. ಆದರೆ ಅದನ್ನು ಹಿಡಿದು ತಂದದ್ದು ಒಮ್ಮೆ ಅದನ್ನೇ ಅಳಿಸಿದ ಕೈ. ಹಿಂದೆ ಒಪ್ಪಿ ಮಾಡಿದ ಸಣ್ಣ ಸುಳ್ಳು ಹೀಗೇ. ಅದು ಮಾಡಿದ ದಿನ ಏನನ್ನೂ ಕೇಳುವುದಿಲ್ಲ, ನಿಜ ನುಡಿಯಲು ಬಾಯಿ ತೆರೆದ ದಿನ ಬಂದು ಎದುರು ನಿಲ್ಲುತ್ತದೆ.

ವರದಿ ಬಂದದ್ದು ಯುಗಾದಿ ಕಳೆದ ಮೇಲೆ. ಗೋಣೆಪ್ಪ ಫೋನು ಮಾಡಿ, "ಕಾಗದ ಕೊಟ್ಟಾರವ್ವ, ಓದಾಕೆ ಬಾ," ಎಂದ. ಸಾಯಿಮಾ ದಾವಣಗೆರೆಯಿಂದ ಹರಿಹರಕ್ಕೆ ಹೋದಳು. ಬಿಸಿಲು ಬಿರುಸಾಗಿತ್ತು. ಕಚೇರಿಯ ಹೊರಗಿನ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದರು. ಅವಳು ಅವರ ನಡುವೆ ಕೂತು ಮೊದಲು ಮನಸ್ಸಿನಲ್ಲಿ ಓದಿಕೊಂಡಳು, ಆಮೇಲೆ ಗಟ್ಟಿಯಾಗಿ.

ಹಿಂಬದಿಯ ಶಟರು ಆ ದಿನ ತೆರೆದಿತ್ತೋ ಮುಚ್ಚಿತ್ತೋ ಎಂಬುದು ಖಚಿತವಾಗಿ ಸಾಬೀತಾಗಿಲ್ಲ. ಕೆಲಸಗಾರನು ದಾರಿ ತಪ್ಪಿದನೆಂಬುದೂ ಸಾಬೀತಾಗಿಲ್ಲ. ಆ ಮಾತನ್ನು ದಾಖಲೆಯಿಂದ ತೆಗೆದುಹಾಕತಕ್ಕದ್ದು.

"ಇನ್ನೊಂದು ಸಲ ಓದು," ಎಂದಳು ನಾಗರತ್ನಮ್ಮ.

ಓದಿದಳು.

"ಹಂಗಂದ್ರೆ ಏನವ್ವ?"

"ಅಂಜನ್ ದಾರಿ ತಪ್ಪಿದ ಅಂತ ಇನ್ನು ಯಾರೂ ಹೇಳಂಗಿಲ್ಲಮ್ಮ. ಆ ಮಾತು ಹೊಡೆದು ಹಾಕ್ಯಾರೆ."

ನಾಗರತ್ನಮ್ಮ ಕಾಗದದ ಮೇಲೆ ಬೆರಳಿಟ್ಟಳು, ಅಕ್ಷರ ಬಾರದವರು ಇಡುವಂತೆ, ಇಡೀ ಸಾಲಿನ ಮೇಲೆ.

"ದಾರಿನೇ ಇರಲಿಲ್ಲ ಅಂತ? ಅದನ್ನ ಎಲ್ಲಿ ಬರೆದಾರೆ?"

ಸಾಯಿಮಾ ಆ ಹಾಳೆಯನ್ನು ಮತ್ತೆ ನೋಡಿದಳು. ಹಿಂದುಮುಂದು ತಿರುಗಿಸಿ ನೋಡಿದಳು. ಇಲ್ಲವೆಂದು ಗೊತ್ತಿದ್ದೂ ಹುಡುಕಿದಳು.

"ಬರೆದಿಲ್ಲಮ್ಮ."

ಗೋಣೆಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ನಾಗರತ್ನಮ್ಮ ಕಾಗದವನ್ನು ಮಡಿಸಿ ಸಾಯಿಮಾಳ ಕೈಯಲ್ಲೇ ಇಟ್ಟಳು.

"ಅದನ್ನ ಬರೆದ ಮ್ಯಾಲೆ ತಗಂಡು ಬಾ, ಆಗ ಕರೀತೀನಿ ಅವನನ್ನ," ಎಂದು ಹೇಳಿ, ಗಂಡನ ಭುಜ ಹಿಡಿದು ಕಟ್ಟೆಯಿಂದ ಇಳಿದಳು.